ಮೇಲಿಂದ ನೋಡುವವರಿಗೆ

ತಾಹೆರಾ ಮದುವೆಯಾಗಿ ಯಲಹಂಕಕ್ಕೆ ಬಂದ ಹೊಸದರಲ್ಲೇ ಒಂದು ಸಂಜೆ, ಅತ್ತೆ ಮೆಹಬೂಬ್ ಬೀ ಸೀತಾಫಲದ ಬೀಜ ಉಗಿಯುವ ಪಂದ್ಯದಲ್ಲಿ ಸ್ವಂತ ಮಗನನ್ನು ಸೋಲಿಸಿದ್ದನ್ನು ಕಣ್ಣಾರೆ ಕಂಡಳು. ಹಿತ್ತಲ ಕಟ್ಟೆಯ ಮೇಲೆ ತಾಯಿ ಮಗ ಅಕ್ಕಪಕ್ಕ ಕೂತು, ಕೆನ್ನೆ ಉಬ್ಬಿಸಿಕೊಂಡು, ದೂರದಲ್ಲಿಟ್ಟ ಒಂದು ಕಲ್ಲಿಗೆ ಗುರಿಯಿಟ್ಟು ಉಗಿಯುತ್ತಿದ್ದರು. ಮಗ ಜಿಯಾವುಲ್ಲಾ ಮೀಸೆ ಬಿಟ್ಟ ಗಂಡಸು, ಶಾಮಿಯಾನ ಬಾಡಿಗೆ ಕೊಡುವ ಅಂಗಡಿಯ ಯಜಮಾನ. ತಾಯಿಗೆ ತಲೆ ಪೂರ್ತಿ ಬೆಳ್ಳಗಾಗಿತ್ತು. ತಾಹೆರಾ ಚಹಾದ ಲೋಟ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು.

"ನೀನೂ ಬಾ ಬೇಟಿ, ಹಣ್ಣು ಇನ್ನೂ ಇದೆ" ಅಂದರು ಅತ್ತೆ.

"ಚಹಾ ಆರೋಗುತ್ತೆ ಅಮ್ಮೀ" ಅಂದು ತಾಹೆರಾ ಲೋಟಗಳನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದಳು.

ಅವಳ ತವರು ದೊಡ್ಡಬಳ್ಳಾಪುರ, ಮಗ್ಗದ ಮನೆ. ತಾಯಿ ಬೇಗ ತೀರಿಕೊಂಡಿದ್ದರಿಂದ ತಂಗಿಯರನ್ನೆಲ್ಲ ಸಾಕಿದವಳು ಅವಳೇ. ಕುಂಟೆಬಿಲ್ಲೆ ಅಂದರೆ ತಂಗಿಯರು ಕುಂಟುವುದು, ತಾನು ಮೆಟ್ಟಿಲ ಮೇಲೆ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ ಅವರನ್ನು ಕಾಯುವುದು. ಅದರ ಬಗ್ಗೆ ಅವಳಿಗೆ ದುಃಖವೇನೂ ಇರಲಿಲ್ಲ. ಕೆಲಸ ಚೊಕ್ಕಟವಾಗಿ ಮುಗಿದಾಗ ಒಂದು ನೆಮ್ಮದಿ ಸಿಗುತ್ತಿತ್ತು. ಅದಕ್ಕಿಂತ ಬೇರೆ ಸುಖ ಇರಬಹುದು ಅಂತ ಅವಳು ಯೋಚಿಸಿದವಳಲ್ಲ.

ಅತ್ತೆ ಮಾತ್ರ ಅವಳಿಗೆ ಅರ್ಥವಾಗದ ಹೆಂಗಸು. ಅಂಗಡಿಗೆ ಹೊಸ ಬಿದಿರಿನ ಗಳಗಳು ಬಂದರೆ ಒಂದೊಂದನ್ನೂ ಬೆರಳಿನಿಂದ ತಟ್ಟಿ, ಕಿವಿ ಇಟ್ಟು ಕೇಳಿ, ಸದ್ದಿನ ಪ್ರಕಾರ ಸಾಲಾಗಿ ನಿಲ್ಲಿಸುವರು. ಆಳು ಗಯಾಸ್ ಅದೇ ಸಾಲಿನಲ್ಲಿ ಗಳಗಳನ್ನು ನೆಟ್ಟು ಸುತ್ತಿಗೆಯಿಂದ ಹೊಡೆಯುತ್ತಾ ಹೋದರೆ ಠಣ್, ಟಿಣ್ ಅಂತ ಒಂದು ರಾಗದ ಹಾಗೇ ಕೇಳಿಸುತ್ತಿತ್ತು. ಮದುವೆ ಮನೆಯವರು ಕೆಲಸ ಬಿಟ್ಟು ನೋಡುತ್ತಾ ನಿಲ್ಲುತ್ತಿದ್ದರು. ಗಯಾಸ್ ನಲವತ್ತೈದರ ಗಂಭೀರ ಮನುಷ್ಯ. "ದೊಡ್ಡಮ್ಮ ಹೇಳಿದ ಮೇಲೆ ಮುಗೀತು" ಅನ್ನುವುದು ಬಿಟ್ಟರೆ ಅವನಿಗೂ ಈ ವಿಷಯದಲ್ಲಿ ಹೇಳುವುದೇನೂ ಇರಲಿಲ್ಲ.

ಅಂಗಡಿ ಯಲಹಂಕ ಹಳೇ ಊರಿನ ಬೀದಿಯಲ್ಲಿತ್ತು. ಮನೆ ಇದ್ದದ್ದು ಜಕ್ಕೂರಿನ ಕಡೆಗೆ, ಊರಾಚೆ. ಮನೆಯ ಹಿಂದೆ ಒಂದು ಬೀಳು ಹೊಲ, ಅದರಾಚೆ ವಿಮಾನ ಹಾರಿಸುವುದನ್ನು ಕಲಿಸುವ ಏರೋಡ್ರಂ. ಪುಟ್ಟ ಪುಟ್ಟ ವಿಮಾನಗಳು ಬೆಳಗಿನಿಂದ ಮಧ್ಯಾಹ್ನದವರೆಗೆ ಮನೆಯ ಮೇಲೆ ಸುತ್ತು ಹಾಕುತ್ತಲೇ ಇರುತ್ತಿದ್ದವು. ಮದುವೆ ಮುಗಿದ ಶಾಮಿಯಾನದ ಪರದೆಗಳಿಗೆ ಸಾರು, ಎಲೆ ಅಡಿಕೆ, ಅರಿಶಿನ ಎಲ್ಲ ಮೆತ್ತಿಕೊಂಡಿರುತ್ತಿದ್ದವು. ಅವನ್ನು ಬಾವಿಯ ಹತ್ತಿರ ಒಗೆದು, ಹೊಲದಲ್ಲಿ ಕಟ್ಟಿದ ಹಗ್ಗಗಳ ಮೇಲೆ ಒಣಗಿಸುವುದು ಮನೆಯ ಹೆಂಗಸರ ಕೆಲಸ. ಕೆಂಪು, ಹಳದಿ, ಹಸಿರು, ನೀಲಿ, ಬಿಳಿ. ಒಂದೊಂದು ಪರದೆಯೂ ಒಂದು ಕೋಣೆಯಷ್ಟಗಲ.

ಮದುವೆಯಾದ ಎರಡನೇ ವರ್ಷ, ಎಪ್ಪತ್ತೆಂಟನೇ ಇಸವಿಯ ಚಳಿಗಾಲ ಕಳೆಯುವ ಹೊತ್ತಿಗೆ, ಒಂದು ಬೆಳಿಗ್ಗೆ ಹಗ್ಗ ಹರಿದುಹೋಗಿ ಪರದೆಗಳನ್ನು ನೆಲದ ಮೇಲೇ ಹಾಸಬೇಕಾಯಿತು. ಆಗ ಒಂದು ವಿಮಾನ ತೀರ ಕೆಳಗೆ ಬಂತು. ಅದರ ನೆರಳು ಹಳದಿ ಪರದೆಯ ಮೇಲೆ ಹಾದು, ಬೇಲಿ ದಾಟಿ ಹೋಯಿತು. ಮೆಹಬೂಬ್ ಬೀ ಕೈಯಲ್ಲಿದ್ದ ಬಟ್ಟೆಯನ್ನು ಬಿಟ್ಟು ಕತ್ತೆತ್ತಿ ನಿಂತರು.

"ಈ ವಿಮಾನದೋರು ದಿನಾ ಇಲ್ಲಿಂದಾನೇ ಹೋಗ್ತಾರಲ್ಲ" ಅಂದರು. "ದಿನಾ ಅದೇ ಮಣ್ಣು, ಅದೇ ಜಾಲಿ ಗಿಡ. ನೋಡಿ ನೋಡಿ ಬೇಜಾರಾಗಲ್ವಾ ಪಾಪ?"

"ಅವರು ಕೆಲಸದ ಮೇಲೆ ಹೋಗ್ತಾರೆ ಅಮ್ಮೀ."

"ಕೆಲಸದ ಮೇಲೆ ಹೋಗೋರಿಗೆ ಕಣ್ಣಿರಲ್ವಾ?"

ಹಾಗಂದು ಅವರು ಹಳದಿ ಪರದೆಯ ಎರಡು ಮೂಲೆಗಳನ್ನು ಒಳಗೆ ಮಡಚಿದರು. ಹಿಂದುಗಡೆಗೆ ಒಂದು ಕೆಂಪು ಪರದೆಯನ್ನು ಬೀಸಣಿಗೆಯ ಹಾಗೆ ಹರಡಿದರು. ಒಂದು ತಾಮ್ರದ ತಟ್ಟೆ ತರಿಸಿ ಮುಂದುಗಡೆ ಇಟ್ಟರು. ತಾಹೆರಾ ನೋಡಿದಳು. ಮೀನು. ತಟ್ಟೆ ಅದರ ಕಣ್ಣು.

ಆವತ್ತಿನಿಂದ ಒಗೆದ ದಿನವೆಲ್ಲ ಹೊಲದಲ್ಲಿ ಏನಾದರೊಂದು ಚಿತ್ರ. ನಕ್ಷತ್ರ, ನವಿಲು, ಹಡಗು, ಬಾಳೆಗೊನೆ. ಮೆಹಬೂಬ್ ಬೀ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬರಿಗಾಲಲ್ಲಿ ಓಡಾಡುತ್ತಾ, ಗಯಾಸನಿಗೆ "ಆ ಕಡೆ ಎಳಿ, ಇನ್ನೂ ಸ್ವಲ್ಪ" ಅಂತ ಹೇಳುತ್ತಿದ್ದರು. ವಿಮಾನದ ಸದ್ದು ಕೇಳಿದರೆ ಒಲೆಯ ಮುಂದಿದ್ದರೂ ಸೌಟು ಹಿಡಿದುಕೊಂಡೇ ಹೊರಗೆ ಬಂದು ಕೈ ಬೀಸುವರು. ವಿಮಾನ ತನ್ನ ಪಾಡಿಗೆ ಹೋಗುತ್ತಿತ್ತು. ಯಾರಾದರೂ ನೋಡಿದರೋ ಇಲ್ಲವೋ ತಿಳಿಯುವ ದಾರಿ ಇರಲಿಲ್ಲ. ಅದು ಅವರಿಗೆ ಬೇಕಾಗಿಯೂ ಇರಲಿಲ್ಲ. ತಾಹೆರಾಗೆ ಮಾತ್ರ ರಸ್ತೆಯಲ್ಲಿ ಹೋಗುವವರು ಸೈಕಲ್ ನಿಲ್ಲಿಸಿ ಬೇಲಿಯ ಮೇಲಿಂದ ಇಣುಕಿದಾಗ ಮುಖ ಬಿಸಿಯಾಗುತ್ತಿತ್ತು. ಅವಳು ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು ಬಾವಿಯ ಹತ್ತಿರ ಒಗೆಯುತ್ತಲೇ ಇರುತ್ತಿದ್ದಳು.

ಬೇಸಿಗೆಯಲ್ಲಿ ಹುಣಸಮಾರನಹಳ್ಳಿಯ ಕಾಡಪ್ಪ ಎಂಬ ರೈತನ ಮಗಳ ಮದುವೆ ಬಂತು. ಒಳ್ಳೆಯ ದ್ರಾಕ್ಷಿ ತೋಟ ಇದ್ದವನು, ಊರಿಗೆಲ್ಲ ಊಟ ಹಾಕಿಸುವವನು. ಹಸೆಮಣೆಯ ಮೇಲೆ ಕಟ್ಟಲು ಅಂಗಡಿಯಲ್ಲಿದ್ದದ್ದರಲ್ಲೇ ಚೆಂದದ ಬಿಳಿ ಪರದೆಯನ್ನು ಕೇಳಿದ್ದ. ಹಿಂದಿನ ದಿನ ಅದೇ ಬಿಳಿ ಪರದೆ ಹೊಲದಲ್ಲಿ ಆನೆಯಾಗಿ ಮಲಗಿತ್ತು. ಸಂಜೆ ಎಲ್ಲರೂ ಅಂಗಡಿಯ ಗಡಿಬಿಡಿಯಲ್ಲಿದ್ದಾಗ ಯಾರದೋ ಆಡುಗಳು ಬೇಲಿ ನುಗ್ಗಿ ಆನೆಯ ಬೆನ್ನ ಮೇಲೆಲ್ಲ ಓಡಾಡಿದ್ದವು. ಕತ್ತಲಲ್ಲಿ ಗಯಾಸ್ ಮಡಚಿ ಗಾಡಿಗೆ ಹಾಕಿದ. ಯಾರೂ ಬಿಡಿಸಿ ನೋಡಲಿಲ್ಲ.

ಮದುವೆಯ ಮಾರನೇ ದಿನ ಕಾಡಪ್ಪ ಸೀದಾ ಮನೆಗೇ ಬಂದ. ಜಿಯಾವುಲ್ಲಾ ಎದ್ದು ನಿಂತ.

"ಏನ್ ಸಾಬ್ರೇ, ಇಂಗಾ ಮಾಡೋದು?" ಅಂದ ಕಾಡಪ್ಪ. ದನಿ ಏರಿಸಲಿಲ್ಲ, ಅದೇ ಹೆಚ್ಚು ನೋಯಿಸಿತು. "ಎಣ್ಣು ಗಂಡು ಕುಂತವ್ರೆ, ಮ್ಯಾಲೆ ನೋಡಿದ್ರೆ ಆಡಿನ್ ಎಜ್ಜೆ. ಬೀಗ್ರು ನಗ್ತಾವ್ರೆ. ನಾನ್ ಏನಂತ ಏಳ್ಲಿ ಅವ್ರಿಗೆ?"

ಜಿಯಾವುಲ್ಲಾ ತಪ್ಪಾಯಿತೆಂದು ಕೈಮುಗಿದ. ಮೆಹಬೂಬ್ ಬೀ ಒಳಗಿನಿಂದ ಬಂದು, "ತಪ್ಪು ನಂದು ಕಣಪ್ಪ, ಅವನದ್ದಲ್ಲ. ನಿನ್ನ ಮಗಳಿಗೆ ಒಳ್ಳೇದಾಗ್ಲಿ" ಅಂದರು. ಕಾಡಪ್ಪ ವಯಸ್ಸಾದವರ ಮುಖ ನೋಡಿ ಹೊರಟುಹೋದ.

ಅವನು ಹೋದ ಮೇಲೆ ತಾಹೆರಾ ಬಾಯಿ ಬಿಟ್ಟಳು. ಎರಡು ವರ್ಷ ಒಳಗೇ ಇಟ್ಟುಕೊಂಡದ್ದು ಒಟ್ಟಿಗೇ ಬಂತು.

"ಅಮ್ಮೀ, ನೀವೇನು ಮಗುವಾ? ರಸ್ತೇಲಿ ಹೋಗೋರೆಲ್ಲ ನಗ್ತಾರೆ. ಈಗ ಮದುವೆ ಮನೆಯೋರೂ ನಗೋ ಹಾಗಾಯ್ತು. ನಾಳೆಯಿಂದ ಎಲ್ಲಾ ಹಗ್ಗದ ಮೇಲೇ ಒಣಗ್ಲಿ. ನೆಲಕ್ಕೆ ಹಾಕೋದು ಬೇಡ."

ಜಿಯಾವುಲ್ಲಾ ನೆಲ ನೋಡಿದ. ಮೆಹಬೂಬ್ ಬೀ ಸೊಸೆಯನ್ನು ಒಂದು ಕ್ಷಣ ನೋಡಿ, "ಸರಿ ಬೇಟಿ. ನೀನು ಹೇಳೋದು ಸರಿಯಾಗೇ ಇದೆ" ಅಂದರು.

ಮಾರನೇ ದಿನದಿಂದ ಪರದೆಗಳು ಹಗ್ಗದ ಮೇಲೆ ಒಣಗಿದವು. ಅತ್ತೆಯೇ ಅಂಚಿಗೆ ಅಂಚು ಕೂಡಿಸಿ, ಸುಕ್ಕು ಬಿಡಿಸಿ ಹಾಕುತ್ತಿದ್ದರು. ಅವರು ಮುನಿಸಿಕೊಂಡಿರಲಿಲ್ಲ. ಮಾತು ಬಿಟ್ಟಿರಲಿಲ್ಲ, ಊಟ ಬಿಟ್ಟಿರಲಿಲ್ಲ. ತಾಹೆರಾ ಮಾಡಿದ ಬದನೆಕಾಯಿಯ ಬಗಾರಾ ಬೈಂಗನ್ ಚೆನ್ನಾಗಿದೆ ಅಂತ ಎಂದಿನಂತೆ ಹೊಗಳುತ್ತಿದ್ದರು. ಮುನಿಸಿಕೊಂಡಿದ್ದರೆ ತಾಹೆರಾಗೆ ಸುಲಭವಾಗುತ್ತಿತ್ತು. ಬಟ್ಟೆ ಹಾಕಿ ಮುಗಿದ ಮೇಲೆ ಅವರು ಹಿತ್ತಲ ಕಟ್ಟೆಯಲ್ಲಿ ಸುಮ್ಮನೆ ಕೂತಿರುತ್ತಿದ್ದರು, ಆ ವಯಸ್ಸಿನ ಎಲ್ಲ ಹೆಂಗಸರ ಹಾಗೆ. ವಿಮಾನ ಬಂದರೆ ಕತ್ತೆತ್ತುತ್ತಿರಲಿಲ್ಲ. ಈಗ ಸದ್ದಿಗೆ ಕತ್ತೆತ್ತುತ್ತಿದ್ದವಳು ತಾಹೆರಾ. ಯಾಕೆ ಅಂತ ಅವಳಿಗೇ ಗೊತ್ತಾಗುತ್ತಿರಲಿಲ್ಲ.

ಹೀಗೇ ಎಷ್ಟೋ ದಿನ ಕಳೆದವು. ಒಂದು ಭಾನುವಾರ ಬೆಳಿಗ್ಗೆ ಬಾಗಿಲ ಮುಂದೆ ಒಂದು ಸ್ಕೂಟರ್ ನಿಂತಿತು. ಇಳಿದವರು ಐವತ್ತರ ಆಸುಪಾಸಿನ, ಬಿಸಿಲಿಗೆ ಕಪ್ಪಾದ, ಕಪ್ಪು ಕನ್ನಡಕವನ್ನು ಜೇಬಿಗೆ ಸಿಕ್ಕಿಸಿಕೊಂಡ ಒಬ್ಬರು. ತಾಹೆರಾ ಬಾಗಿಲ ಮರೆಯಲ್ಲಿ ನಿಂತು, ಯಜಮಾನರು ಅಂಗಡಿಯಲ್ಲಿದ್ದಾರೆ ಅಂದಳು.

"ಇರ್ಲಿ ತಾಯಿ. ನಾನು ವೆಂಕಟಸ್ವಾಮಿ ಅಂತ. ಇಲ್ಲೇ ಏರೋಡ್ರಂನಲ್ಲಿ ಪೈಲಟ್ ಕೆಲಸ ಕಲಿಯೋರಿಗೆ ಮೇಷ್ಟ್ರು." ಅವರು ಮುಂದಿನ ಮಾತಿಗೆ ಸ್ವಲ್ಪ ತಡವರಿಸಿದರು. "ಮನೇಲಿ ಎಲ್ಲಾ ಆರಾಮಾಗಿದಾರಾ ಅಂತ ಕೇಳ್ಕೊಂಡು ಹೋಗೋಣ ಅಂತ ಬಂದೆ."

ತಾಹೆರಾಗೆ ತಿಳಿಯಲಿಲ್ಲ. "ಎಲ್ಲಾ ಆರಾಮಾಗಿದೀವಿ."

"ಹಾಗಾದ್ರೆ ಸಂತೋಷ. ಹೊಲದಲ್ಲಿ ಚಿತ್ರ ಹಾಕೋರು ಈ ಮನೆಯೋರೇ ಅಲ್ವಾ? ಬಹಳ ದಿನದಿಂದ ಏನೂ ಇಲ್ಲ. ಹಗ್ಗದ ಮೇಲೆ ಬಟ್ಟೆ ಮಾತ್ರ ಕಾಣುತ್ತೆ. ನಮ್ಮ ಹುಡುಗ್ರು ಹೆದರ್ಕೊಂಡಿದಾರೆ. ಯಾರೋ ತೀರ್ಕೊಂಡಿರಬೇಕು ಅಂತ ಒಬ್ಬ, ಇಲ್ಲ ಮನೆ ಖಾಲಿ ಮಾಡಿದಾರೆ ಅಂತ ಇನ್ನೊಬ್ಬ. ಹೋಗಿ ಕೇಳ್ಕೊಂಡು ಬನ್ನಿ ಸಾರ್ ಅಂತ ನನ್ನನ್ನ ಅಟ್ಟಿದ್ರು."

ತಾಹೆರಾ ಬಾಗಿಲ ಮರೆಯಿಂದ ಹೊರಗೆ ಬಂದಳು. ಅವರು ಹೇಳುತ್ತಲೇ ಹೋದರು. ಬೆಳಿಗ್ಗೆ ಮೊದಲು ಹಾರಿದವನು ಇಳಿದು ಬಂದ ಕೂಡಲೇ ಎಲ್ಲರೂ ಅವನನ್ನು ಸುತ್ತಿಕೊಂಡು ಇವತ್ತು ಏನು ಅಂತ ಕೇಳುವರಂತೆ. ಏನೆಂದು ಒಮ್ಮತ ಬರದಿದ್ದರೆ ಕ್ಯಾಂಟೀನಿನಲ್ಲಿ ಅದೇ ಜಗಳವಂತೆ. ಮೇಷ್ಟ್ರು ಪಕ್ಕದಲ್ಲಿಲ್ಲದೆ ಮೊದಲ ಸಲ ಒಬ್ಬನೇ ಹಾರಿದ ಹುಡುಗನೊಬ್ಬ ಕೈಕಾಲು ನಡುಗುತ್ತಿದ್ದಾಗ ಕೆಳಗೆ ನೋಡಿದನಂತೆ, ಮೀನು ತಟ್ಟೆಗಣ್ಣಿನಿಂದ ಅವನನ್ನೇ ನೋಡುತ್ತಿತ್ತಂತೆ. ನಗು ಬಂದು ನಡುಕ ನಿಂತಿತಂತೆ. "ಎಡಕ್ಕೆ ಎಲ್ಲಿ ತಿರುಗ್ಬೇಕು ಅಂತ ಕೇಳಿದ್ರೆ ಈಗ ನಾನೂ ಚಿತ್ರ ದಾಟಿದ ಮೇಲೆ ಅಂತಾನೇ ಹೇಳ್ತೀನಿ" ಅಂದರು ವೆಂಕಟಸ್ವಾಮಿ.

ತಾಹೆರಾ ಒಳಗೆ ಹೋಗಿ ಅತ್ತೆಯನ್ನು ಕೈಹಿಡಿದು ಕರೆದುಕೊಂಡು ಬಂದಳು. "ಇವರೇ" ಅಂದಳು. "ನಮ್ಮತ್ತೆ. ಹಾಕೋರು ಇವರು. ನಿಲ್ಲಿಸಿದ್ದು ನಾನು."

ವೆಂಕಟಸ್ವಾಮಿ ಬಿಳಿ ಕೂದಲಿನ ಆ ಹೆಂಗಸನ್ನು ನೋಡಿ ಎರಡೂ ಕೈ ಜೋಡಿಸಿದರು. ಅವರು ಯಾರೋ ಕಾಲೇಜು ಹುಡುಗರ ಕೆಲಸ ಅಂದುಕೊಂಡಿದ್ದರು. ಎಲ್ಲವನ್ನೂ ಮತ್ತೆ ಮೊದಲಿನಿಂದ ಹೇಳಿದರು. ಮೆಹಬೂಬ್ ಬೀ ಗಲ್ಲಕ್ಕೆ ಕೈಕೊಟ್ಟು ಕೇಳಿದರು. ತಮ್ಮ ಚಿತ್ರಗಳನ್ನು ಯಾರೋ ನಿಜವಾಗಿ ನೋಡುತ್ತಿದ್ದರು ಅನ್ನುವುದಕ್ಕೆ ಅಳುತ್ತಾರೇನೋ ಅಂತ ತಾಹೆರಾ ಕಾದಳು. ಅವರು ಕೇಳಿದ್ದೇ ಬೇರೆ.

"ಆನೆ ಗೊತ್ತಾಯ್ತಾಪ್ಪ? ಬಿಳೀ ಆನೆ?"

"ಆನೆ?" ವೆಂಕಟಸ್ವಾಮಿ ಯೋಚಿಸಿದರು. "ಬಿಳೀದು... ಅಯ್ಯೋ, ಅದು ಆನೇನಾ? ನಾವೆಲ್ಲ ಟೀ ಕೆಟಲ್ ಅಂದ್ಕೊಂಡಿದ್ವಿ."

ಮೆಹಬೂಬ್ ಬೀ ಮೊದಲು ಬಾಯಿಗೆ ಸೆರಗು ಹಿಡಿದರು. ಆಮೇಲೆ ಅದೂ ಸಾಲದೆ ಹೊಸ್ತಿಲ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಸೊಂಡಿಲು ಮೇಲಕ್ಕೆತ್ತಬಾರದಿತ್ತು" ಅಂದರು ಕಣ್ಣೊರೆಸುತ್ತಾ. "ಗಯಾಸ್‌ಗೆ ಹೇಳ್ದೆ ನಾನು, ಕೆಳಗಿಳಿಸು ಅಂತ."

ಚಹಾ ಕುಡಿದು ಏಳುವಾಗ ವೆಂಕಟಸ್ವಾಮಿ, ಮುಂದಿನ ಭಾನುವಾರ ಊರವರನ್ನು ವಿಮಾನದಲ್ಲಿ ಕೂರಿಸಿ ಒಂದು ಸುತ್ತು ತೋರಿಸುವ ಕಾರ್ಯಕ್ರಮ ಇದೆಯೆಂದರು. "ನೀವು ಬರ್ಬೇಕಮ್ಮಾ. ನಿಮ್ಮ ಹೊಲಾನ ಮೇಲಿಂದ ನೀವೇ ನೋಡಿ."

ಮೆಹಬೂಬ್ ಬೀಯ ಮುಖ ದೀಪ ಹಚ್ಚಿದ ಹಾಗಾಯಿತು. ಆದರೆ ಅವರು ತಲೆಯಾಡಿಸಿದರು. "ನನ್ನ ಕಣ್ಣಿಗೆ ಪೊರೆ ಬಂದಿದೆ. ದೂರದ್ದೆಲ್ಲ ಮಂಜು. ಅಷ್ಟು ಮೇಲಿಂದ ನನಗೇನು ಕಾಣುತ್ತೆ? ನಾನು ಮೇಲೆ ಹೋದ್ರೆ ಕೆಳಗೆ ಹಾಸೋರು ಯಾರು?" ಆಮೇಲೆ ಸೊಸೆಯ ಕಡೆ ತಿರುಗಿದರು. "ಇವಳು ಹೋಗ್ಲಿ. ಇವಳು ಅಕ್ಕೀಲಿ ಒಂದು ಕಲ್ಲು ಬಿಡೋಳಲ್ಲ. ಇದ್ದದ್ದು ಇದ್ದ ಹಾಗೆ ಬಂದು ಹೇಳ್ತಾಳೆ."

ತಾಹೆರಾ ಬೇಡವೇ ಬೇಡ ಅಂದಳು. ರಾತ್ರಿ ಜಿಯಾವುಲ್ಲಾ ಬಂದ ಮೇಲೂ ಬೇಡ ಅಂದಳು. ಅವನು ನಕ್ಕು, "ಅಮ್ಮಿ ಹೇಳಾಯ್ತಲ್ಲ, ನಾನು ಏನ್ ಮಾಡ್ಲಿ?" ಅಂದ. ಆದರೆ ಆ ವಾರ ಅವಳು ಯಾರೂ ಹೇಳದೆ ಇನ್ನೊಂದು ಕೆಲಸ ಮಾಡಿದಳು. ಅಟ್ಟದ ಮೇಲೆ ಬಿದ್ದಿದ್ದ ಹರಿದ ಪರದೆಗಳನ್ನೆಲ್ಲ ಇಳಿಸಿದಳು. ಬಾಡಿಗೆಗೆ ಕೊಡಲು ಬಾರದವು, ಬಿಸಾಕಲು ಮನಸ್ಸು ಬಾರದವು. ತೂತುಗಳಿಗೆ ತೇಪೆ ಹಾಕಿ, ಅಂಚು ಹೊಲಿದು, ಬಣ್ಣದ ಪ್ರಕಾರ ಮಡಚಿ ಅತ್ತೆಯ ಮುಂದಿಟ್ಟಳು. "ಇವು ನಿಮ್ಮವು. ಇದರ ಮೇಲೆ ಆಡು ಓಡಾಡ್ಲಿ, ಎಮ್ಮೆ ಓಡಾಡ್ಲಿ, ಯಾರೂ ಕೇಳಲ್ಲ."

ಮೆಹಬೂಬ್ ಬೀ ಅವಳ ತಲೆಯ ಮೇಲೆ ಕೈಯಿಟ್ಟರು. ಆ ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು.

ಭಾನುವಾರ ಬೆಳಿಗ್ಗೆ ಜಿಯಾವುಲ್ಲಾ ಹೆಂಡತಿಯನ್ನು ಏರೋಡ್ರಂಗೆ ಕರೆದುಕೊಂಡು ಹೋದ. ವಿಮಾನದ ಹೆಸರು ಪುಷ್ಪಕ. ಹತ್ತಿರದಿಂದ ನೋಡಿದರೆ ಆಟೋಗಿಂತ ಒಂದಿಷ್ಟು ದೊಡ್ಡದು, ಅಷ್ಟೆ. ಇಬ್ಬರಿಗೆ ಮಾತ್ರ ಜಾಗ. ತಾಹೆರಾ ಕಲ್ಮಾ ಹೇಳಿಕೊಂಡು ಹತ್ತಿದಳು. ವೆಂಕಟಸ್ವಾಮಿ ಪಟ್ಟಿ ಬಿಗಿದು, "ಹೆದರಿಕೆ ಆದ್ರೆ ನನಗೆ ಹೇಳಿ, ಇಳಿಸ್ಬಿಡ್ತೀನಿ" ಅಂದರು. ವಿಮಾನ ಕಲ್ಲುದಾರಿಯ ಎತ್ತಿನಗಾಡಿಯ ಹಾಗೆ ಕುಲುಕುತ್ತಾ ಓಡಿತು. ಅವಳು ಕಣ್ಣು ಮುಚ್ಚಿದಳು. ಕುಲುಕಾಟ ಒಮ್ಮೆಲೇ ನಿಂತುಹೋಯಿತು. ಏನೋ ಕೆಟ್ಟುಹೋಯಿತೆಂದು ಅವಳು ಕಣ್ಣು ಬಿಟ್ಟಳು.

ನೆಲ ಕೆಳಗೆ ಹೋಗುತ್ತಿತ್ತು. ಜಕ್ಕೂರು ಕೆರೆ ಮಡಚಿಟ್ಟ ಸೀರೆಯಷ್ಟಾಯಿತು. ಬಳ್ಳಾರಿ ರಸ್ತೆಯಲ್ಲಿ ಒಂದು ಕೆಂಪು ಬಸ್ಸು ತೆವಳುತ್ತಿತ್ತು. ದ್ರಾಕ್ಷಿ ಚಪ್ಪರಗಳು ಚಾಪೆ ಹಾಸಿದ ಹಾಗಿದ್ದವು. ರೈಲು ಹಳಿಯನ್ನು ಯಾರೋ ಅಡ್ಡಡ್ಡ ಹೊಲಿಗೆ ಹಾಕಿ ಊರಿಗೆ ಸೇರಿಸಿದಂತಿತ್ತು. ತಾನು ದಿನವೂ ನೀರು ಹೊತ್ತು ನಡೆದು ಸವೆಸಿದ ದಾರಿ ಬಾವಿಯಿಂದ ಮನೆಗೆ ಒಂದು ಸಣ್ಣ ಬಿಳಿ ಎಳೆಯಾಗಿ ಕಂಡಿತು. ಅದನ್ನು ಬರೆದವಳು ತಾನೇ, ತನ್ನ ಕಾಲಿನಿಂದ. ಈ ಯೋಚನೆ ಬಂದದ್ದೇ ಅವಳ ಎದೆಯಲ್ಲಿದ್ದ ಹೆದರಿಕೆ ಎಲ್ಲಿ ಹೋಯಿತೋ ತಿಳಿಯಲಿಲ್ಲ.

"ಈಗ ಎಡಕ್ಕೆ ನೋಡಿ" ಅಂದರು ವೆಂಕಟಸ್ವಾಮಿ.

ವಿಮಾನ ವಾಲಿತು. ಹೊಲದಲ್ಲಿ ಒಂದು ಕೆಂಪು ಕೋಳಿ ನಿಂತಿತ್ತು. ಅದರ ಹಿಂದೆ ಸಾಲಾಗಿ ಹಳದಿ ಮರಿಗಳು, ಒಂದರ ಹಿಂದೊಂದು. ತಾಹೆರಾ ತಾನು ಹಾಕಿದ ತೇಪೆಗಳನ್ನೂ ಗುರುತಿಸಿದಳು. ಅಷ್ಟರಲ್ಲಿ ಕೊನೆಯ ಮರಿ ಅಲುಗಾಡಿತು. ಅವಳು ಗಾಜಿಗೆ ಮುಖ ಒತ್ತಿ ನೋಡಿದಳು. ಕೊನೆಯ ಮರಿ ಸಾಲು ಬಿಟ್ಟು ಹೊರಬಂತು, ಅತ್ತಿತ್ತ ಓಡಾಡಿತು, ಓಡಿಹೋಗಿ ಕೋಳಿಯ ಮುಂದೆ ನಿಂತು ಎರಡೂ ರೆಕ್ಕೆ ಬಡಿಯಿತು. ಹಳದಿ ಪರದೆಯನ್ನು ತಲೆಯಿಂದ ಕಾಲಿನವರೆಗೆ ಹೊದ್ದುಕೊಂಡ ಮೆಹಬೂಬ್ ಬೀ.

ತಾಹೆರಾ ನಕ್ಕಳು. ಮೊದಲು ಸದ್ದಿಲ್ಲದೆ, ಆಮೇಲೆ ಎಂಜಿನ್ನಿನ ಗದ್ದಲವನ್ನೂ ಮೀರಿ. ಪರಗಂಡಸಿನ ಪಕ್ಕ ಕೂತಿದ್ದೇನೆ, ಸೆರಗು ಜಾರಿದೆ ಅನ್ನುವುದೆಲ್ಲ ಮರೆತುಹೋಗಿತ್ತು. ಅವಳು ಕೈ ಬೀಸಿದಳು. ಕೆಳಗೆ ಮರಿ ಇನ್ನೂ ಜೋರಾಗಿ ರೆಕ್ಕೆ ಬಡಿಯಿತು. ವೆಂಕಟಸ್ವಾಮಿಯೂ ನಗುತ್ತಾ ಮತ್ತೊಂದು ಸುತ್ತು ಹಾಕಿದರು. ಅತ್ತೆ ತನ್ನನ್ನು ನಗಿಸಲೆಂದು ಇಡೀ ಬೆಳಿಗ್ಗೆ ಬಿಸಿಲಲ್ಲಿ ಹಳದಿ ಬಟ್ಟೆಯೊಳಗೆ ಕೂತಿದ್ದರು ಅನ್ನುವುದು ತಾಹೆರಾಗೆ ಆ ಎರಡನೇ ಸುತ್ತಿನಲ್ಲಿ ಹೊಳೆಯಿತು.

ಇಳಿದ ಮೇಲೆ ಜಿಯಾವುಲ್ಲಾ ಹೇಗಿತ್ತು ಅಂತ ಕೇಳಿದ. ಅವಳು, "ಅಮ್ಮಿಗೆ ಮೊದಲು ಹೇಳ್ಬೇಕು" ಅಂದಳು. ಅವನು ಅಂಗಡಿಗೆ ಹೋದ, ಅವಳು ಮನೆಗೆ ಹೋದಳು.

ಮಧ್ಯಾಹ್ನ ಅವನು ಹಸಿದು ಊಟಕ್ಕೆ ಬಂದ. ಮದುವೆಯಾದಾಗಿನಿಂದ ಆ ಹೊತ್ತಿಗೆ ಬಿಸಿ ಊಟ ತಪ್ಪಿದ್ದಿಲ್ಲ. ಈಗ ಒಲೆ ತಣ್ಣಗಿತ್ತು. ಅಡುಗೆಮನೆಯ ನೆಲದ ತುಂಬ ಕಾಳುಗಳು. ಹೆಸರುಕಾಳಿನ ದ್ರಾಕ್ಷಿ ತೋಟ, ಉದ್ದಿನಬೇಳೆಯ ಕೆರೆಗಳು, ರಾಗಿಯಲ್ಲಿ ಎಳೆದ ಬಳ್ಳಾರಿ ರಸ್ತೆ. ಅತ್ತೆ ಸೊಸೆ ಇಬ್ಬರೂ ಮಂಡಿಯೂರಿ ಬಗ್ಗಿದ್ದರು.

"ಹಸುಗಳು?" ಅನ್ನುತ್ತಿದ್ದರು ಮೆಹಬೂಬ್ ಬೀ, ಕಾಳಿಗೆ ಮೂಗು ತಾಗುವಷ್ಟು ಹತ್ತಿರ ಬಂದು. "ಹಸುಗಳು ಮೇಲಿಂದ ಹೇಗೆ ಕಾಣ್ತವೆ?"

"ಕೊಂಬು ಕಾಣಲ್ಲ ಅಮ್ಮೀ. ಬೆನ್ನು ಮಾತ್ರ. ಹಿಂಗೆ" ಅಂದು ತಾಹೆರಾ ಹುರುಳಿಕಾಳು ಇಟ್ಟಳು. "ಕೋಳಿ ಕತ್ತು ಸ್ವಲ್ಪ ಉದ್ದ ಆಗಿತ್ತು. ಬಾತುಕೋಳಿ ಅನ್ನಿಸ್ತು."

"ಉದ್ದ ಏನಿರ್ಲಿಲ್ಲ."

"ನಾನು ನೋಡಿದೀನಿ ಅಮ್ಮೀ. ಉದ್ದ ಇತ್ತು."

ಜಿಯಾವುಲ್ಲಾ ಚಪ್ಪಲಿ ಬಿಟ್ಟು ಒಳಗೆ ಬಂದ. ಸ್ವಲ್ಪ ಹೊತ್ತು ನಿಂತು ನೋಡಿದ. ಆಮೇಲೆ ತಾನೂ ನೆಲದ ಮೇಲೆ ಕೂತು, "ರೈಲು ಹಳಿ ಆ ಕಡೆ ಅಲ್ಲ ಕಣೇ, ಕೆರೆ ಈ ಪಕ್ಕಕ್ಕೆ ಬರ್ಬೇಕು" ಅಂದು ಸಾಸಿವೆ ಡಬ್ಬಿಗೆ ಕೈ ಹಾಕಿದ.